ತಡಿಯಂಡಮೋಳ್ ಬುಡದಲ್ಲಿ ಕೂತು ಹಿಮದ ಇಳಿಜಾರು ಆರಿಸಿದ್ದು

ಮೊದಲ ದಿನ: ಮೈಸೂರಿನಿಂದ ಕಕ್ಕಬ್ಬೆಗೆ

ಹಲಗೆಯ ಮೇಲೆ ನಿಂತು ಹಿಮದಲ್ಲಿ ಜಾರುವ ಸ್ನೋಬೋರ್ಡಿಂಗ್‌ಗೆ ಎಲ್ಲಿಗೆ ಹೋಗಬೇಕು ಎಂದು ಯಾರನ್ನು ಕೇಳಿದರೂ ಹಿಮ ಜಾಸ್ತಿ ಬೀಳುವ ಊರಿನ ಹೆಸರು ಹೇಳುತ್ತಾರೆ. ಕಾರ್ವಿಂಗ್ ಮಾಡಬೇಕೆನ್ನುವವರಿಗೆ, ಅಂದರೆ ಬೋರ್ಡನ್ನು ಜಾರಿಸದೆ ಅದರ ಅಂಚಿನ ಮೇಲೇ ಓಡಿಸಿ ತಿರುಗಬೇಕೆನ್ನುವವರಿಗೆ, ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಅವರಿಗೆ ಬೇಕಾದದ್ದು ಗಟ್ಟಿಯಾಗಿ ಹದ ಮಾಡಿದ, ಅಗಲವಾದ, ಒಂದೇ ಸಮನೆ ಇಳಿಯುವ ಹಾದಿ. ಅಂಥದ್ದೊಂದನ್ನು ಈ ಚಳಿಗಾಲಕ್ಕೆ ಗೊತ್ತುಮಾಡಿಕೊಳ್ಳಬೇಕೆಂದು ನವೆಂಬರ್ ಕೊನೆಯಲ್ಲಿ ಅಕ್ಕನ ಮನೆಗೆ ಹೊರಟೆ. ಕಾರಿನ ಹಿಂದಿನ ಸೀಟು ಮಡಚಿ ನನ್ನ ಬೋರ್ಡನ್ನೂ ಇಟ್ಟುಕೊಂಡಿದ್ದೆ. ಹಿಮ ಬೀಳದ ಕೊಡಗಿಗೆ ಬೋರ್ಡ್ ಯಾಕೆ ಎಂದರೆ, ಈ ಸಲ ನನ್ನ ಜೊತೆ ಅಕ್ಕನ ಮಗಳೂ ಬರುತ್ತಿದ್ದಾಳೆ. ಅವಳಿಗೆ ಕಾರ್ವಿಂಗ್ ಎಂದರೇನು, ಎಂಥ ಇಳಿಜಾರು ಬೇಕು ಎಂಬುದು ಟಿಕೆಟ್ ತೆಗೆಯುವ ಮೊದಲೇ ತಿಳಿಯಬೇಕು. ಇಳಿಜಾರಿಗಂತೂ ಕೊಡಗಿನಲ್ಲಿ ಬರವಿಲ್ಲ.

ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಸುಂಟಿಕೊಪ್ಪದ ಮೇಲೆ ತೋಟಗಳ ನಡುವೆ ರಸ್ತೆ ಹತ್ತತೊಡಗಿದಾಗ ಗಾಳಿ ಬದಲಾಯಿತು. ಮಡಿಕೇರಿಯಲ್ಲಿ ಕಾಫಿ ಕುಡಿದು, ನಾಪೋಕ್ಲು ದಾರಿ ಹಿಡಿದು, ಸಂಜೆಗೆ ಕಕ್ಕಬ್ಬೆ.

ಭಾವ ಸೇನೆಯಲ್ಲಿದ್ದವರು. ಗುಲ್ಮಾರ್ಗ್‌ನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನಲ್ಲಿ ಸ್ಕೀಯಿಂಗ್ ಕಲಿತು ಬಂದವರು. ನಿವೃತ್ತಿಯಾದ ಮೇಲೆ ತೋಟ ನೋಡಿಕೊಂಡಿದ್ದಾರೆ. ಹಿಮದ ಮಾತು ಬಂದರೆ ಅವರಿಗೆ ಗುಲ್ಮಾರ್ಗ್ ಬಿಟ್ಟು ಬೇರೆ ಊರಿಲ್ಲ. ರಾತ್ರಿ ಅಕ್ಕಿ ರೊಟ್ಟಿ, ಪಂದಿ ಕರಿ ಮುಂದಿಟ್ಟುಕೊಂಡು ಕೂತಾಗ ಕೇಳಿಯೇ ಬಿಟ್ಟರು: "ಗುಲ್ಮಾರ್ಗ್ ನಮ್ಮ ದೇಶದಲ್ಲೇ ಇದೆ. ನೀನು ಹೊರಗೆ ಯಾಕೆ ಹುಡುಕ್ತಾ ಇದ್ದೀಯ?"

ಆ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರ್, ಎರಡು ಹಂತದ್ದು. ಮೊದಲನೆಯದು ಊರಿನಿಂದ ಕೊಂಗ್ಡೂರಿಗೆ; ಎರಡನೆಯದು ಅಲ್ಲಿಂದ ಅಫರ್ವತ್ ಬೆಟ್ಟದ ಮೇಲಕ್ಕೆ, ಹತ್ತಿರ ಹತ್ತಿರ 4,000 ಮೀಟರ್ ಎತ್ತರಕ್ಕೆ. ಜಗತ್ತಿನ ಮೂಲೆಮೂಲೆಗಳಿಂದ ಜನ ಬರುವುದು ಆ ಎರಡನೇ ಹಂತಕ್ಕೆ. ಅಲ್ಲಿರುವುದು ಹದ ಮಾಡದ, ಬಿದ್ದ ಹಾಗೇ ಇರುವ ಪೌಡರ್ ಹಿಮ. ಅದರಲ್ಲಿ ಬೋರ್ಡ್ ತೇಲಬೇಕು. ಕಾರ್ವಿಂಗ್ ಮಾಡಲು ಅಂಚು ಕಚ್ಚಿ ಹಿಡಿಯುವ ನೆಲ ಬೇಕು. ಪೌಡರ್‌ನಲ್ಲಿ ಅಂಚಿಗೆ ಸಿಗುವುದು ಹತ್ತಿಯಂಥ ಹಿಮ. ಮೊದಲ ಹಂತದ ಸುತ್ತಮುತ್ತ ಹದ ಮಾಡಿದ ಹಾದಿಗಳಿವೆ, ಚೆನ್ನಾಗಿಯೂ ಇವೆ. ಆದರೆ ಪ್ರವಾಸಿಗರೂ ಕಲಿಯುವವರೂ ಸೇರುವುದು ಅಲ್ಲೇ.

"ಅಫರ್ವತ್ ಬಗ್ಗೆ ನನಗೂ ಹುಷಾರು," ಎಂದರು ಭಾವ. 2010ರ ಫೆಬ್ರವರಿಯಲ್ಲಿ ಅಫರ್ವತ್ ಬುಡದ ಖಿಲನ್‌ಮಾರ್ಗ್‌ನಲ್ಲಿ ತರಬೇತಿಯಲ್ಲಿದ್ದ ಸೈನಿಕರ ಮೇಲೆ ಹಿಮಕುಸಿತವಾಗಿ 17 ಮಂದಿ ತೀರಿಕೊಂಡರು. ಅದನ್ನು ಹೇಳಿದ ಮೇಲೆ ಅವರು ಬಹಳ ಹೊತ್ತು ಗುಲ್ಮಾರ್ಗ್ ಪರವಾಗಿ ವಾದಿಸಲಿಲ್ಲ.

ಸೊಸೆಯ, ಅಂದರೆ ಅಕ್ಕನ ಮಗಳ, ಕೋಣೆಯ ಗೋಡೆಯಲ್ಲಿ ತೆಕ್ಕಡ ಭವಾನಿ ನಂಜುಂಡ ಅವರ ಚಿತ್ರವಿತ್ತು, ಪತ್ರಿಕೆಯಿಂದ ಕತ್ತರಿಸಿದ್ದು. ಕೊಡಗಿನ ಹೆಣ್ಣುಮಗಳು ಕ್ರಾಸ್ ಕಂಟ್ರಿ ಸ್ಕೀಯಿಂಗ್‌ಗೆ ಇಳಿದು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದದ್ದು ಇಲ್ಲಿನ ಮಕ್ಕಳಿಗೆ ಸಣ್ಣ ವಿಷಯವಲ್ಲ. ಹಿಮವೇ ಇಲ್ಲದ ಜಿಲ್ಲೆಯಿಂದ ಹಿಮದ ಆಟಕ್ಕೆ ಹೋಗಬಹುದು ಎಂಬುದನ್ನು ಅವರು ತೋರಿಸಿಕೊಟ್ಟರು. ಅವರದು ಉದ್ದ ದೂರ, ಉಸಿರು ಮತ್ತು ತಾಳ್ಮೆಯ ಆಟ. ನಮ್ಮದು ಇಳಿಜಾರಿನಲ್ಲಿ ಗೆರೆ ಎಳೆಯುವ ಆಟ. ಧೈರ್ಯ ಮಾತ್ರ ಸೊಸೆಗೆ ಆ ಚಿತ್ರದಿಂದಲೇ ಬಂದದ್ದು.

ಎರಡನೇ ದಿನ: ತಡಿಯಂಡಮೋಳ್

ಬೆಳಿಗ್ಗೆ ಬೇಗ ನಾಲ್ನಾಡು ಅರಮನೆ ಕಡೆಯಿಂದ ಹತ್ತಿದೆವು. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಅರಮನೆ ಇದು. ಅದನ್ನು ನೋಡುವುದಕ್ಕೆ ಇನ್ನೊಂದು ದಿನ ಬೇಕು, ಇವತ್ತಿನ ಕೆಲಸ ಬೇರೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿ, ನೀರಿನ ಬಾಟಲಿ ತೋರಿಸಿ ಮುಂದೆ ಹೋದೆವು.

ನನ್ನ ಫೋನಿನಲ್ಲಿ ಇಳಿಜಾರು ಅಳೆಯುವ ಆ್ಯಪ್ ಇದೆ. ಫೋನನ್ನು ಊರುಗೋಲಿನ ಮೇಲೆ ಇಟ್ಟು, ಕೋಲನ್ನು ನೆಲಕ್ಕೆ ಒರಗಿಸಿದರೆ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಸೊಸೆಗೆ ಹೇಳಿದ್ದು ಇಷ್ಟೇ: ಮೊದಲು ಕಣ್ಣಿನಿಂದ ಅಂದಾಜು ಹೇಳು, ಆಮೇಲೆ ಅಳೆ.

ಹಿಮದ ಹಾದಿಗಳಿಗೆ ಬಣ್ಣ ಕಟ್ಟಿರುತ್ತಾರೆ. ಯುರೋಪಿನಲ್ಲಿ ನೀಲಿ, ಕೆಂಪು, ಕಪ್ಪು. ನೀಲಿ ಎಂದರೆ ಶೇ 25ರವರೆಗಿನ ಇಳಿಜಾರು, ಕೆಂಪು ಎಂದರೆ ಶೇ 40ರವರೆಗೆ, ಅದಕ್ಕಿಂತ ಕಡಿದಾದದ್ದು ಕಪ್ಪು. ಈ ಶೇಕಡಾ ಲೆಕ್ಕ ಡಿಗ್ರಿಯದಲ್ಲ. ನೂರಕ್ಕೆ ನೂರು ಎಂದರೆ 45 ಡಿಗ್ರಿ. ಶೇ 25 ಎಂದರೆ 14 ಡಿಗ್ರಿ. ಶೇ 40 ಎಂದರೆ ಸುಮಾರು 22 ಡಿಗ್ರಿ. ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಅಲ್ಲಿನ ನೀಲಿಯೂ ಯುರೋಪಿನ ನೀಲಿಯೂ ಒಂದೇ ಅಲ್ಲ. ಅಮೆರಿಕದ ನೀಲಿ ಹೆಚ್ಚುಕಡಿಮೆ ಯುರೋಪಿನ ಕೆಂಪು. ಬಣ್ಣ ನೋಡಿ ರೆಸಾರ್ಟ್ ಗೊತ್ತುಮಾಡುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಲೇಬೇಕು.

ಕಾಡಿನೊಳಗಿನ ದಾರಿಯಲ್ಲಿ ಸೊಸೆ "ಇದು 30 ಇರಬಹುದು" ಎಂದ ಕಡೆ ಅಳೆದರೆ 15. ಎಲ್ಲರ ಕಣ್ಣೂ ಇಳಿಜಾರನ್ನು ಹೀಗೆಯೇ ದೊಡ್ಡದು ಮಾಡಿ ನೋಡುತ್ತದೆ. ಮೇಲೆ ಮರ ಮುಗಿದು ಹುಲ್ಲು ಶುರುವಾದ ಕಡೆ 13, 14, 16 ಎಂದು ಅವಳ ಅಂದಾಜೂ ಆ್ಯಪ್‌ನ ಅಂಕಿಯೂ ಹತ್ತಿರ ಬರತೊಡಗಿದವು. ಅಲ್ಲೊಂದು ಕಡೆ ನಿಲ್ಲಿಸಿ ಹೇಳಿದೆ, "ಇದು ನಿನ್ನ ಇಳಿಜಾರು. ಇದನ್ನು ಕಾಲಿಗೆ ಗೊತ್ತುಮಾಡಿಕೋ." ಕಾರ್ವಿಂಗ್ ಕಲಿಯುವುದಕ್ಕೆ 10ರಿಂದ 14 ಡಿಗ್ರಿ ಸಾಕು. ಬೋರ್ಡ್ ಜಾರದೆ ಅಂಚಿನ ಮೇಲೇ ಓಡುವಾಗ ವೇಗ ತಡೆಯುವವರಿಲ್ಲ. ಜಾರಿಸಿ ತಿರುಗುವವರು ಪ್ರತಿ ತಿರುವಿನಲ್ಲೂ ಹಿಮ ಕೆರೆದು ವೇಗ ಕಳೆದುಕೊಳ್ಳುತ್ತಾರೆ. ಕಾರ್ವಿಂಗ್‌ನಲ್ಲಿ ವೇಗ ಇಳಿಸಬೇಕಾದರೆ ತಿರುವನ್ನು ಪೂರ್ತಿ ಮುಗಿಸಿ, ಗುಡ್ಡಕ್ಕೆ ಅಡ್ಡವಾಗಿ, ಇನ್ನೂ ಸ್ವಲ್ಪ ಮೇಲ್ಮುಖವಾಗಿಯೂ ಹೋಗಬೇಕು. 20 ಡಿಗ್ರಿಯ ಇಳಿಜಾರಿನಲ್ಲಿ ಹೊಸಬರು ಅಷ್ಟು ಹೊತ್ತು ಕಾಯುವುದಿಲ್ಲ, ಹೆದರಿ ಹಿಂಗಾಲು ಒದ್ದು ಜಾರಿಸಿಬಿಡುತ್ತಾರೆ. ಕಡಿದಾದ ಹಾದಿಯಿಂದ ಕಾರ್ವಿಂಗ್ ಕಲಿತವರನ್ನು ನಾನು ನೋಡಿಲ್ಲ.

ತುದಿಯ ಹತ್ತಿರದ ಕೊನೆಯ ಏರು 25 ದಾಟಿತು. "ಇದು ಕಪ್ಪು," ಎಂದಳು ಸೊಸೆ, ಅಳೆಯುವುದಕ್ಕೆ ಮೊದಲೇ.

1,748 ಮೀಟರ್ ಎತ್ತರದ ತುದಿಯಲ್ಲಿ ಗಾಳಿ ನಿಲ್ಲಲು ಬಿಡಲಿಲ್ಲ. ಕೊಡಗಿನ ಅತಿ ಎತ್ತರದ ಜಾಗ ಇದು. ಗುಲ್ಮಾರ್ಗ್‌ನ ಹುಲ್ಲುಗಾವಲು ಇದಕ್ಕಿಂತ ಇನ್ನೂ 900 ಮೀಟರ್ ಮೇಲಿದೆ ಎಂದು ಭಾವ ಲೆಕ್ಕ ಹಾಕಿದರು. ಇಳಿಯುವಾಗ ಕೆಲವು ಹುಡುಗರು ರಟ್ಟಿನ ತುಂಡು ಹಾಕಿಕೊಂಡು ಹುಲ್ಲಿನ ಮೇಲೆ ಜಾರುತ್ತಿದ್ದರು. ಭಾವ ನಿಂತು, ಸಿಟ್ಟು ಮಾಡದೆ, ಬೇಡ ಎಂದು ತಿಳಿಸಿ ಹೇಳಿದರು. ಹುಲ್ಲು ಕಿತ್ತ ಕಡೆ ಮುಂದಿನ ಮಳೆಗಾಲಕ್ಕೆ ಮಣ್ಣು ಕೊಚ್ಚಿಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದದ್ದನ್ನು ಕಂಡ ಜಿಲ್ಲೆ ಇದು. ಈ ಹುಲ್ಲುಗುಡ್ಡಗಳಲ್ಲಿ ನಾವು ಇಳಿಜಾರು ಅಳೆಯಬಹುದು, ನಡೆಯಬಹುದು, ಅಷ್ಟೇ. ಬೋರ್ಡನ್ನು ಮನೆಯಲ್ಲೇ ಬಿಟ್ಟು ಬಂದದ್ದೂ ಅದಕ್ಕೇ.

ಮೂರನೇ ದಿನ: ಕಣದಲ್ಲಿ

ಇಡೀ ದಿನ ಮನೆಯಲ್ಲೇ. ಕಣ ತೊಳೆದು ಸಿದ್ಧವಾಗಿತ್ತು. ರೊಬಸ್ಟಾ ಬರುವುದಕ್ಕೆ ಇನ್ನೂ ಸಮಯವಿದೆ. ಒಂದು ಮೂಲೆಯಲ್ಲಿ ಮಾತ್ರ ಮೊದಲ ಕೊಯ್ಲಿನ ಅರೇಬಿಕಾ ಒಣಗುತ್ತಿತ್ತು. ಉಳಿದ ಸಿಮೆಂಟ್ ನೆಲದಲ್ಲಿ ಗೋಣಿಚೀಲ ಹಾಸಿ ನನ್ನ ಬೋರ್ಡ್ ಇಟ್ಟೆವು.

ಬೋರ್ಡನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ, ಮೂಗು ಮತ್ತು ಬಾಲದ ಹತ್ತಿರ ಮಾತ್ರ ಅದು ನೆಲ ಮುಟ್ಟುತ್ತದೆ. ನಡುವೆ ಸಂದು. ನನ್ನ ಬೋರ್ಡಿನಲ್ಲಿ ಆ ಸಂದು ಎರಡು ಸೆಂಟಿಮೀಟರಿಗಿಂತ ತುಸು ಹೆಚ್ಚು. ಸೊಸೆಯ ತೋರುಬೆರಳು ಸಲೀಸಾಗಿ ಒಳಗೆ ಹೋಯಿತು. ಬೋರ್ಡಿನ ಸೊಂಟ ಸಣ್ಣ, ಎರಡು ತುದಿ ಅಗಲ, ಹಾಗಾಗಿ ಈ ಬಾಗು. ಇದಕ್ಕೆ ಸೈಡ್‌ಕಟ್ ಎನ್ನುತ್ತಾರೆ. ಈ ಬಾಗನ್ನು ಹಾಗೇ ಬೆಳೆಸುತ್ತಾ ಹೋಗಿ ಪೂರ್ತಿ ವೃತ್ತ ಮಾಡಿದರೆ ಅದರ ತ್ರಿಜ್ಯ 8 ಮೀಟರ್. ಬೋರ್ಡನ್ನು ಸ್ವಲ್ಪ ಓರೆ ಮಾಡಿ, ನಡುವೆ ಎರಡೂ ಕೈ ಊರಿ ಅದುಮು ಎಂದೆ. ಅದುಮಿದಳು. ಬೋರ್ಡ್ ಬಾಗಿತು, ಸಂದು ಮುಚ್ಚಿತು, ಅಂಚು ಉದ್ದಕ್ಕೂ ನೆಲ ಹಿಡಿಯಿತು, ಗೋಣಿಯ ಮೇಲೆ ಬಿಲ್ಲಿನಂಥ ಗೆರೆ ಮೂಡಿತು.

"ಅಂದ್ರೆ ನಾನು ತಿರುಗಿಸೋದೇ ಬೇಡವಾ ಮಾವ?"

ಬೇಡ. ಓರೆ ಮಾಡಿ ನಿಂತರೆ ಬೋರ್ಡೇ ತಿರುಗುತ್ತದೆ. ಹೆಚ್ಚು ಓರೆ ಮಾಡಿದಷ್ಟೂ ತಿರುವು ಸಣ್ಣದಾಗುತ್ತದೆ. ಗಟ್ಟಿ ಹಿಮದ ಮೇಲೆ 8 ಮೀಟರಿನ ಬೋರ್ಡನ್ನು 45 ಡಿಗ್ರಿ ಓರೆ ಮಾಡಿದರೆ ಸುಮಾರು 5.7 ಮೀಟರ್ ತ್ರಿಜ್ಯದ ತಿರುವು, 60 ಡಿಗ್ರಿಗೆ 4 ಮೀಟರ್. ಕಾರ್ವಿಂಗ್‌ಗೆಂದೇ ಮಾಡಿದ ಉದ್ದನೆಯ ಬೋರ್ಡುಗಳಲ್ಲಿ ಸೈಡ್‌ಕಟ್ ತ್ರಿಜ್ಯ 10 ಮೀಟರ್ ದಾಟಿರುತ್ತದೆ. ಹಾದಿ ಎಷ್ಟು ಅಗಲ ಬೇಕು ಎಂಬ ಲೆಕ್ಕ ಹುಟ್ಟುವುದು ಇಲ್ಲಿಂದಲೇ. 10 ಮೀಟರ್ ತ್ರಿಜ್ಯದ ಅರ್ಧವೃತ್ತಗಳನ್ನು ಎಡಕ್ಕೊಂದು ಬಲಕ್ಕೊಂದು ಜೋಡಿಸಿದರೆ ಬರಿಯ ಗೆರೆಗೇ 20 ಮೀಟರ್ ಅಗಲ ಹೋಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಇಳಿಯಬೇಕು, ಅಂಚಿನ ಮರದಿಂದ ದೂರವಿರಬೇಕು. 40 ಮೀಟರಾದರೂ ಇರಲಿ. ಎರಡು ಕಾಡುಗಳ ನಡುವಿನ ಸಣ್ಣ ಹಾದಿ ಚಿತ್ರದಲ್ಲಿ ಎಷ್ಟು ಚಂದ ಕಂಡರೂ ನಮಗೆ ಬೇಡ.

ಆ ಹೊತ್ತಿಗೆ ಕೆಲಸದವರು ಬಂದು, ಮೂಲೆಯಲ್ಲಿದ್ದ ಕಾಫಿಯನ್ನು ಹಲ್ಲುಗಳಿರುವ ಮರದ ಕೋಲಿನಿಂದ ಕೆದಕಿ ತಿರುವಿದರು. ಕೋಲು ಹೋದಲ್ಲೆಲ್ಲ ಸಾಲು ಸಾಲು ಗೆರೆ. ಗ್ರೂಮಿಂಗ್ ಎಂದರೇನು ಎಂದು ಸೊಸೆಗೆ ಹೇಳಲು ಅದಕ್ಕಿಂತ ಬೇಕಿರಲಿಲ್ಲ: ಹದ ಮಾಡಿದ ಹಿಮ ನೋಡಲು ಥೇಟ್ ಆ ಕೆದಕಿದ ಕಾಫಿಯ ಹಾಗೆಯೇ. ಅಲ್ಲಿ ಕೋಲಿನ ಬದಲು ಪಿಸ್ಟನ್‌ಬುಲ್ಲಿಯಂಥ ಯಂತ್ರ. ಮುಂದಿನ ಹಲಗೆ ಉಬ್ಬು ತಗ್ಗನ್ನು ಸರಿ ಮಾಡುತ್ತದೆ, ಹಿಂದೆ ತಿರುಗುವ ಉರುಳೆ ಹಿಮವನ್ನು ಪುಡಿ ಮಾಡುತ್ತದೆ, ಅದರ ಹಿಂದಿನ ಹಲ್ಲಿನ ಹಾಸು ಒತ್ತಿ ಗೆರೆ ಮೂಡಿಸುತ್ತದೆ. ಯಂತ್ರ ಹೋದ ಮೇಲೆ ಆ ಪುಡಿ ಚಳಿಗೆ ಒಂದಕ್ಕೊಂದು ಬೆಸೆದು ಗಟ್ಟಿಯಾಗಲು ಕೆಲವು ಗಂಟೆ ಬೇಕು. ಅದಕ್ಕೇ ರಾತ್ರಿ ಹದ ಮಾಡಿದ ಹಾದಿ ಬೆಳಿಗ್ಗೆ ಅಷ್ಟು ಚೆನ್ನಾಗಿ ಅಂಚು ಹಿಡಿಯುತ್ತದೆ. ಹನ್ನೊಂದರ ನಂತರ ನೂರಾರು ಜನ ಇಳಿದು ಆ ಗೆರೆಗಳು ಅಳಿಸಿರುತ್ತವೆ, ಅಲ್ಲಲ್ಲಿ ಹಿಮದ ಗುಡ್ಡೆ, ಅಲ್ಲಲ್ಲಿ ಮಂಜುಗಡ್ಡೆ. ಕಾರ್ವಿಂಗ್ ಮಾಡುವವರ ದಿನ ಮೊದಲ ಲಿಫ್ಟ್‌ನಿಂದ ಶುರುವಾಗಬೇಕು. ಹೋಟೆಲು ಲಿಫ್ಟ್ ಪಕ್ಕದಲ್ಲೇ ಇರುವುದು ನನ್ನ ಮಟ್ಟಿಗೆ ಐಷಾರಾಮವಲ್ಲ, ಅಗತ್ಯ.

ಇದೇ ಕಾರಣಕ್ಕೆ, ರಾತ್ರಿ ಎರಡಡಿ ಹೊಸ ಹಿಮ ಬಿತ್ತು ಎಂಬ ಸುದ್ದಿಗೆ ಪೌಡರ್ ಪ್ರಿಯರು ಕುಣಿದರೆ ನಮಗೆ ಅಷ್ಟು ಖುಷಿಯಾಗದು. ನಮಗೆ ಬೇಕಾದದ್ದು ನಾಲ್ಕೈದು ದಿನ ಹಿಮ ಬೀಳದ ಒಣ ಚಳಿ. ಯಂತ್ರದಿಂದ ಚಿಮ್ಮಿಸಿದ ಕೃತಕ ಹಿಮವನ್ನು ಕೀಳಾಗಿ ನೋಡುವವರಿದ್ದಾರೆ. ಅದು ಹೆಚ್ಚು ಒತ್ತಾಗಿರುತ್ತದೆ, ಬೇಗ ಹಾಳಾಗದು, ಅಂಚಿಗೆ ಒಳ್ಳೆಯ ಹಿಡಿತ.

ಮಧ್ಯಾಹ್ನ ಕಡಂಬಿಟ್ಟು ಉಂಡು ನಕ್ಷೆಗಳನ್ನು ಹರಡಿಕೊಂಡೆವು. ಹಾದಿಯ ಉದ್ದ ಮತ್ತು ಇಳಿತ ಎರಡೂ ಗೊತ್ತಿದ್ದರೆ ಇಳಿಜಾರು ಸಿಕ್ಕಂತೆ: 1,500 ಮೀಟರ್ ಉದ್ದದಲ್ಲಿ 350 ಮೀಟರ್ ಇಳಿದರೆ 13 ಡಿಗ್ರಿ ಚಿಲ್ಲರೆ. ಆದರೆ ಸರಾಸರಿಯನ್ನು ನಂಬಿ ಕೂರಬಾರದು. ಅರ್ಧ ಚಪ್ಪಟೆ, ಅರ್ಧ ಗೋಡೆ ಇದ್ದರೂ ಸರಾಸರಿ ಅದೇ ಬರುತ್ತದೆ. ಚಪ್ಪಟೆ ಜಾಗದಲ್ಲಿ ಸ್ಕೀಯವರು ಕೋಲು ಊರಿ ದಾಟುತ್ತಾರೆ, ನಾವು ಒಂದು ಕಾಲನ್ನು ಬೋರ್ಡಿನಿಂದ ಬಿಚ್ಚಿ ನೆಲ ತಳ್ಳಬೇಕು. ಹಾಗೆಯೇ ಎಳೆದುಕೊಂಡು ಹೋಗುವ ಲಿಫ್ಟ್‌ಗಳಿಗಿಂತ ಚೇರ್‌ಲಿಫ್ಟ್ ಅಥವಾ ಗೊಂಡೊಲಾ ಇರುವ ಹಾದಿಯೇ ಬೋರ್ಡಿನವರಿಗೆ ವಾಸಿ. ಇನ್ನು ಅಮೆರಿಕದ ಆಲ್ಟಾ, ಡೀರ್ ವ್ಯಾಲಿ, ಮ್ಯಾಡ್ ರಿವರ್ ಗ್ಲೆನ್ ಮೂರರಲ್ಲಿ ಸ್ನೋಬೋರ್ಡಿಗೆ ಪ್ರವೇಶವೇ ಇಲ್ಲ.

ಉತ್ತರಾಖಂಡದ ಔಲಿಯ ಬಗ್ಗೆ ನನಗೆ ಪ್ರೀತಿ ಇದೆ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದ ಇಳಿಜಾರು. ದೇಶದೊಳಗೆ ಕಾರ್ವಿಂಗ್‌ಗೆ ಹೇಳಿ ಮಾಡಿಸಿದ ಹಾದಿ ಎಂದರೆ ಅದೇ. ಆದರೆ ಅಲ್ಲಿ ಹಿಮದ ಖಾತರಿ ಇಲ್ಲ, ಹಿಮ ಸಾಲದೆ ಸ್ಪರ್ಧೆಗಳೇ ರದ್ದಾದ ವರ್ಷಗಳಿವೆ. ಜೋಶಿಮಠದಲ್ಲಿ ನೆಲ ಕುಸಿದ ಮೇಲೆ 2023ರ ಜನವರಿಯಲ್ಲಿ ಅಲ್ಲಿಂದ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಿದರು. ತಿಂಗಳುಗಟ್ಟಲೆ ಮೊದಲೇ ರಜೆ ಹಾಕಿ ಹೋಗುವವರು ಅದನ್ನೇ ನೆಚ್ಚಿಕೊಳ್ಳುವುದು ಕಷ್ಟ.

ಇಟಲಿಯ ಕ್ರೋನ್‌ಪ್ಲಾಟ್ಸ್ ಹೆಸರು ನಾನೇ ತೆಗೆದೆ. 2,275 ಮೀಟರಿನ ಬೋಳು ತಲೆಯಿಂದ ಎಲ್ಲ ದಿಕ್ಕಿಗೂ ಅಗಲವಾದ ಹಾದಿಗಳು ಇಳಿಯುತ್ತವೆ. ವೀಸಾ, ಖರ್ಚು ನೋಡಿದ ಅಕ್ಕ "ಇವಳ ಓದು ಮುಗೀಲಿ" ಎಂದಳು. ಜಪಾನಿನ ಶಿಗಾ ಕೋಗೆನ್ ಕೂಡ ಹಾಗೆಯೇ ಮುಂದಕ್ಕೆ ಹೋಯಿತು. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡ್ ಮೊದಲ ಬಾರಿ ಸೇರಿದಾಗ ಜೈಂಟ್ ಸ್ಲಾಲಮ್ (ನೆಟ್ಟ ಗುರುತುಗಳನ್ನು ಸುತ್ತುತ್ತಾ ಇಳಿಯುವ ಸ್ಪರ್ಧೆ) ನಡೆದ ಗುಡ್ಡ ಅಲ್ಲಿದೆ. ಒಂದಲ್ಲ ಒಂದು ದಿನ ಅಲ್ಲಿ ಗೆರೆ ಎಳೆಯಬೇಕೆಂಬ ಆಸೆ ನನಗೆ ಗಾಢವಾಗಿದೆ.

ಉಳಿದದ್ದು ಎರಡು: ಜಾರ್ಜಿಯಾದ ಗುಡೌರಿ, ಕಜಾಕಿಸ್ತಾನದ ಶಿಂಬುಲಾಕ್.

ನಾಲ್ಕನೇ ದಿನ: ಮಾಂದಲಪಟ್ಟಿ

ಬೆಳಿಗ್ಗೆ ತೋಟದಿಂದ ಹೊರಡುವಾಗ ಭಾವ ಒಂದು ವಿಷಯ ತೋರಿಸಿದರು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಇಬ್ಬನಿ ಆರಿ ಎಲೆ ಒಣಗಿತ್ತು. ಉತ್ತರದ ಮಗ್ಗುಲಲ್ಲಿ ಒಂಬತ್ತಾದರೂ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗುತ್ತಿತ್ತು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರಕ್ಕೆ ಹೋದಷ್ಟೂ ಈ ವ್ಯತ್ಯಾಸ ದೊಡ್ಡದು. ಶಿಂಬುಲಾಕ್ ಬುಡದ ಅಲ್ಮಾಟಿ ನಗರವಿರುವ 43 ಡಿಗ್ರಿ ಅಕ್ಷಾಂಶದಲ್ಲಿ ಜನವರಿಯ ನಡುಮಧ್ಯಾಹ್ನವೂ ಸೂರ್ಯ ಸುಮಾರು 25 ಡಿಗ್ರಿ ಮಾತ್ರ ಮೇಲೇರುತ್ತಾನೆ, ಉತ್ತರದ ಇಳಿಜಾರಿಗೆ ಬಿಸಿಲು ತಾಕುವುದೇ ಕಡಿಮೆ. ಹದ ಮಾಡಿದ ಹಿಮ ಸಂಜೆಯವರೆಗೂ ಒಣಗಿಯೇ ಇರುತ್ತದೆ. ದಕ್ಷಿಣಕ್ಕೆ ಮುಖವಿದ್ದರೆ ಮಧ್ಯಾಹ್ನ ಮೆತ್ತಗಾಗಿ, ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಗಾಜಿನಂತಾಗುತ್ತದೆ. ಗುಡೌರಿ ದಕ್ಷಿಣಮುಖಿ. ಶಿಂಬುಲಾಕ್ ಉತ್ತರಮುಖಿ. ಭಾವ ಇದನ್ನು ಕಾಫಿ ತೋಟದಲ್ಲಿ ನಿಂತು ಹೇಳಿದ್ದಕ್ಕೆ ಸೊಸೆಗೆ ಚೆನ್ನಾಗಿ ನಾಟಿತು.

ಮಾಂದಲಪಟ್ಟಿಗೆ ಜೀಪಿನಲ್ಲೇ ಹೋಗಬೇಕು. ಕೊನೆಯ ಭಾಗದಲ್ಲಿ ರಸ್ತೆ ಎನ್ನುವುದಕ್ಕಿಂತ ಗುಂಡಿ ಹೆಚ್ಚು. ಪುಷ್ಪಗಿರಿ ವನ್ಯಧಾಮದ ಅಂಚಿನ ಈ ಬೆಟ್ಟದ ಮೇಲೆ ನಿಂತಾಗ ಎದುರಿನ ಹುಲ್ಲಿನ ಮಗ್ಗುಲುಗಳು ಅಷ್ಟು ಅಗಲ, ಅಷ್ಟು ನುಣುಪು. ಸೊಸೆ ಗಾಳಿಯಲ್ಲೇ ಬೆರಳಿನಿಂದ ಎಡಕ್ಕೊಂದು ಬಲಕ್ಕೊಂದು ಗೆರೆ ಎಳೆದು, ಎಲ್ಲಿ ತಿರುಗಬೇಕು ಎಂದು ನನಗೆ ತೋರಿಸಿದಳು. ಸರಿಯಾಗಿಯೇ ಇತ್ತು.

ಹತ್ತು ನಿಮಿಷವಾಗಿರಲಿಲ್ಲ, ಮಂಜು ತುಂಬಿ ಎಲ್ಲವೂ ಬಿಳಿಯಾಯಿತು. ಜೀಪು ಹತ್ತು ಅಡಿ ದೂರದಲ್ಲಿದ್ದರೂ ಕಾಣಲಿಲ್ಲ. ಮರವಿಲ್ಲದ ಹಿಮದ ಗುಡ್ಡದಲ್ಲಿ ಮೋಡ ಕವಿದರೆ ಇದೇ ಸ್ಥಿತಿ, ಅಲ್ಲಿ ನೆಲವೂ ಬಿಳಿ. ಉಬ್ಬು ಯಾವುದು, ತಗ್ಗು ಯಾವುದು ಗೊತ್ತಾಗದೆ ಮೊಣಕಾಲಿಗೆ ಪೆಟ್ಟು ಬೀಳುತ್ತದೆ. ಹಾದಿಯ ಪಕ್ಕ ಅಲ್ಲಲ್ಲಿ ಮರವಿದ್ದರೆ ಕಣ್ಣಿಗೆ ಒಂದು ಆಧಾರ. ಗುಡೌರಿಯ ಮೇಲ್ಭಾಗ ಪೂರ್ತಿ ಬೋಳು. ಅದೂ ಅದರ ವಿರುದ್ಧವೇ ಹೋಯಿತು. ಅಗಲದಲ್ಲಿ ಅದನ್ನು ಮೀರಿಸುವ ಜಾಗಗಳು ಕಡಿಮೆ ಎಂಬುದನ್ನು ಮಾತ್ರ ಒಪ್ಪಲೇಬೇಕು. ಹವಾಮಾನ ತಿಳಿಯಾಗಿದ್ದರೆ ನಾನು ಕಣ್ಣು ಮುಚ್ಚಿ ಅಲ್ಲಿಗೇ ಹೋಗುವವನು.

ವಾರಾಂತ್ಯವಾದ್ದರಿಂದ ಮಾಂದಲಪಟ್ಟಿಯಲ್ಲಿ ಜೀಪುಗಳ ಸಾಲು. ಕಾರ್ವಿಂಗ್ ಮಾಡುವವರಿಗೆ ಜನಸಂದಣಿಯೇ ದೊಡ್ಡ ಅಪಾಯ ಎಂಬ ಮಾತು ಅಲ್ಲೇ ಬಂತು. ನಾವು ಹಾದಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೀಸುತ್ತೇವೆ. ಹಿಂದಿನಿಂದ ನೇರ ಇಳಿಯುವವರಿಗೆ ಅದರ ಅಂದಾಜು ಇರುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟದ ನಿಯಮದಂತೆ ಮುಂದೆ ಕೆಳಗಿರುವವರಿಗೇ ಮೊದಲ ಹಕ್ಕು. ಆದರೂ ಹಿಮ್ಮಡಿಯ ಅಂಚಿನ ತಿರುವಿನಲ್ಲಿ ಬೆನ್ನ ಹಿಂದೆ ಏನಿದೆ ಎಂದು ನಮಗೆ ಕಾಣದು. ಪ್ರತಿ ತಿರುವಿಗೂ ಮೊದಲು ಮೇಲಕ್ಕೆ ಒಮ್ಮೆ ನೋಡು ಎಂದು ಸೊಸೆಗೆ ಮತ್ತೆ ಮತ್ತೆ ಹೇಳಿದೆ. ಇದನ್ನು ಎಷ್ಟು ಹೇಳಿದರೂ ಕಡಿಮೆಯೇ.

ಐದನೇ ದಿನ: ನಿರ್ಧಾರ, ವಾಪಸು

ತಿಂಡಿಗೆ ನೂಪುಟ್ಟು. ಮೇಜಿನ ಮೇಲೇ ತೀರ್ಮಾನವಾಯಿತು: ಶಿಂಬುಲಾಕ್, ಜನವರಿಯಲ್ಲಿ. 2,260 ಮೀಟರಿನಿಂದ ತಲ್ಗಾರ್ ಕಣಿವೆದಾರಿಯ ಹತ್ತಿರ 3,200 ಮೀಟರ್‌ವರೆಗೆ ಗೊಂಡೊಲಾ, ಹದ ಮಾಡಿದ ಹಾದಿಗಳು, ಕೃತಕ ಹಿಮದ ಆಸರೆ. ಭಾರತೀಯರಿಗೆ 14 ದಿನದವರೆಗೆ ವೀಸಾ ಬೇಡ, ದೆಹಲಿಯಿಂದ ಅಲ್ಮಾಟಿಗೆ ನೇರ ವಿಮಾನವಿದೆ. ಕೊರತೆ ಎಂದರೆ ದೊಡ್ಡ ನಗರ ಬುಡದಲ್ಲೇ ಇರುವುದು. ಶನಿವಾರ ಭಾನುವಾರ ಊರೆಲ್ಲ ಮೇಲೆ ಬಂದುಬಿಡುತ್ತದೆ. ಹಾಗಾಗಿ ಸೋಮವಾರದಿಂದ ಶುಕ್ರವಾರದ ಬೆಳಗುಗಳು ಮಾತ್ರ ನಮ್ಮವು. ವಾರಾಂತ್ಯಕ್ಕೆ ಮೆಡೆಯು ಐಸ್ ರಿಂಕ್, ಪೇಟೆ ಸುತ್ತಾಟ.

ಹತ್ತಾರು ಹಾದಿ ಓಡಾಡುವ ಯೋಚನೆ ಇಲ್ಲ. ಮೊದಲ ಬೆಳಿಗ್ಗೆ ಒಂದು ಸುತ್ತು ನೋಡಿ, ರಾತ್ರಿ ಯಂತ್ರ ಹೋದ, 14 ಡಿಗ್ರಿಯ ಸುತ್ತಮುತ್ತ ಇರುವ ಒಂದು ಅಗಲದ ಹಾದಿ ಹಿಡಿದುಕೊಂಡು ಅದರಲ್ಲೇ ಹತ್ತಿ ಇಳಿಯುವುದು. ಫೋನಿನ ಆ್ಯಪ್ ಸೊಸೆಯ ಕೈಯಲ್ಲಿರುತ್ತದೆ, ಆರಿಸುವವಳು ಅವಳೇ.

ಭಾವನ ಗುಲ್ಮಾರ್ಗ್ ಕೈಬಿಟ್ಟಿಲ್ಲ. ಅವಳ ಅಂಚು ಗಟ್ಟಿಯಾದ ಮೇಲೆ, ಮುಂದಿನ ವರ್ಷ ಫೆಬ್ರವರಿಯಲ್ಲಿ, ಕೊಂಗ್ಡೂರಿಯ ಚೇರ್‌ಲಿಫ್ಟ್ ಕೆಳಗಿನ ಹಾದಿಗೆ ಅವರೇ ಕರೆದುಕೊಂಡು ಹೋಗುತ್ತಾರೆ. "ನಾನು ಸ್ಕೀ ಹಾಕ್ಕೊಂಡೇ ಬರ್ತೇನೆ, ನಿಮ್ಮ ಹಲಗೆ ನನಗೆ ಬೇಡ," ಎಂದರು. ಸರಿ ಎಂದೆವು.

ಸೊಸೆಯ ಪಾದದ ಅಳತೆ ಬರೆದುಕೊಂಡೆ. ಬೂಟಿನ ತುದಿ ಬೋರ್ಡಿನಿಂದ ಆಚೆ ಚಾಚಿದರೆ ಓರೆಯಾದಾಗ ಹಿಮಕ್ಕೆ ತಾಗಿ ಅಂಚು ಬಿಟ್ಟುಹೋಗುತ್ತದೆ. ಅವಳ ಪಾದ ಸಣ್ಣದು, ಮಾಮೂಲಿ ಅಗಲದ ಬಾಡಿಗೆ ಬೋರ್ಡ್ ಸಾಕು. ನನಗೆ ಮಾತ್ರ ನನ್ನದೇ ಅಗಲದ ಬೋರ್ಡ್ ಬೇಕು, ಅದನ್ನು ಹೊತ್ತುಕೊಂಡೇ ಹೋಗಬೇಕು. ವಿರಾಜಪೇಟೆ, ಗೋಣಿಕೊಪ್ಪ ದಾರಿಯಾಗಿ ಮೈಸೂರಿಗೆ ಹಿಂತಿರುಗುವಾಗ ಹುಣಸೂರಿನಲ್ಲಿ ಕಾರು ನಿಲ್ಲಿಸಿ ದೆಹಲಿ–ಅಲ್ಮಾಟಿ ಟಿಕೆಟ್ ಮಾಡಿದೆ: ಭಾನುವಾರ ಅಲ್ಲಿ ಇಳಿಯುವಂತೆ, ಸೋಮವಾರ ಮೊದಲ ಗೊಂಡೊಲಾಕ್ಕೆ ಸಿಗುವಂತೆ.